ನಿವೃತ್ತಿಯಾದ ಮೇಲೆ ಕೆಲಸವೂ ಬೇಕು, ಬಿಡುವೂ ಬೇಕು: ಡೊಂಬಿವಲಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಸರ್ಕಾರಿ ಬ್ಯಾಂಕೊಂದರಲ್ಲಿ 36 ವರ್ಷ ದುಡಿದು, ಐದು ತಿಂಗಳ ಹಿಂದೆ ಚೀಫ್ ಮ್ಯಾನೇಜರ್ ಆಗಿ ನಿವೃತ್ತನಾದೆ. ಊರು ಕುಂದಾಪುರದ ಹತ್ತಿರ. ಮನೆ ಡೊಂಬಿವಲಿಯಲ್ಲಿ, ಸ್ವಂತ ಫ್ಲ್ಯಾಟ್. ಪಿಂಚಣಿ ಬರುತ್ತದೆ. ಮಗಳ ಮದುವೆಯಾಗಿದೆ, ಮಗ ಪುಣೆಯಲ್ಲಿದ್ದಾನೆ. ಮೊದಲ ತಿಂಗಳು ಹಾಯಾಗಿತ್ತು, ಈಗ ಹೊತ್ತೇ ಹೋಗುವುದಿಲ್ಲ. ಮೂರು ಕಡೆಯಿಂದ ಕರೆ ಬಂದಿದೆ. ಪರಿಚಯದ ಕ್ರೆಡಿಟ್ ಸೊಸೈಟಿಯವರು ಮ್ಯಾನೇಜರ್ ಆಗಿ ಬನ್ನಿ, ತಿಂಗಳಿಗೆ 35,000 ಕೊಡುತ್ತೇವೆ, ಒಂದನೇ ತಾರೀಖಿನೊಳಗೆ ಹೇಳಿ ಅಂದಿದ್ದಾರೆ. ನಮ್ಮ ಜಾತಿ ಸಂಘದವರು ಖಜಾಂಚಿ ಆಗಿ ಅನ್ನುತ್ತಾರೆ. ಅಣ್ಣ ಊರಿಗೆ ಬಂದು ತೋಟ ನೋಡಿಕೋ ಅನ್ನುತ್ತಾನೆ. ಹೆಂಡತಿ ಏನಾದರೂ ಹಿಡಿದುಕೊಳ್ಳಿ, ಇಡೀ ದಿನ ಮನೆಯಲ್ಲಿ ಕೂರಬೇಡಿ ಅನ್ನುತ್ತಾಳೆ. ಶಾಖೆಯಲ್ಲಿದ್ದಾಗ ಹೋಟೆಲ್ ಹುಡುಗರಿಗೆ, ಟ್ಯಾಕ್ಸಿಯವರಿಗೆ ಫಾರ್ಮ್ ತುಂಬಿಸಿಕೊಡುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಅದಕ್ಕೆಲ್ಲ ಈಗ ಎಲ್ಲಿ ಬೆಲೆ ಬಿಡಿ. ನನಗೆ ಕೆಲಸವೂ ಬೇಕು, ಇಷ್ಟು ವರ್ಷ ಸಿಗದ ಸ್ವಾತಂತ್ರ್ಯವೂ ಬೇಕು. ಎರಡೂ ಒಟ್ಟಿಗೆ ಸಿಗುತ್ತದಾ? (ಹೆಸರು ಬೇಡ, ಡೊಂಬಿವಲಿ)

ಉತ್ತರ: ಸಿಗುತ್ತದೆ. ಆದರೆ ಒಂದನೇ ತಾರೀಖಿಗೆ ಮೂವರಲ್ಲಿ ಯಾರಿಗೂ ಹೂಂ ಅನ್ನಬೇಡಿ.

ಮೂರೂ ಕೆಟ್ಟ ಕೆಲಸ ಅಂತಲ್ಲ. ಆದರೆ ಮೂರರಲ್ಲೂ ಷರತ್ತು ಹಾಕಿದವರು ಅವರು. ಯಾವ ದಿನ, ಎಷ್ಟು ಹೊತ್ತು, ಯಾರಿಗೆ ಲೆಕ್ಕ ಕೊಡಬೇಕು, ಎಲ್ಲ ಅವರೇ ಗೊತ್ತು ಮಾಡಿದ್ದಾರೆ. ನಿವೃತ್ತಿ ಹತ್ತಿರವಾದ ಬ್ಯಾಂಕ್ ಮತ್ತು ವಿಮಾ ನೌಕರರಿಗೆ ಮುಂಬಯಿಯಲ್ಲಿ ತರಬೇತಿ ಕೊಡುವುದು ನನ್ನ ವೃತ್ತಿ. ಎರಡನೇ ಕೆಲಸ ಹಿಡಿದು ವರ್ಷದೊಳಗೆ ಬೇಸತ್ತವರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಹಿಡಿದ ಕೆಲಸ ಒಳ್ಳೆಯದೇ ಇರುತ್ತದೆ. ಕೆಲಸ ಆರಿಸಿರುತ್ತಾರೆ, ಷರತ್ತು ಆರಿಸಿರುವುದಿಲ್ಲ. ಮುಲಾಜಿಗೆ ಬಿದ್ದು ಒಪ್ಪಿರುತ್ತಾರೆ. ಸ್ವಾತಂತ್ರ್ಯ ಹೋಗುವುದು ಅಲ್ಲೇ.

ಮೊದಲು ಈ ಹೊತ್ತು ಹೋಗದ ವಿಷಯ. ಡೊಂಬಿವಲಿಯಿಂದ ದಿನಾ ಹೋಗಿ ಬಂದವರಿಗೆ ಕೆಲಸ ನಿಂತಾಗ ಕೆಲಸ ಮಾತ್ರ ನಿಲ್ಲುವುದಿಲ್ಲ. ಬೆಳಿಗ್ಗೆಯ ಅದೇ ಫಾಸ್ಟ್ ಲೋಕಲ್, ಅದೇ ಡಬ್ಬಿ, ಅದೇ ಗ್ರೂಪ್. ಮೂವರ ಸೀಟಿನಲ್ಲಿ ಸರಿದು ಕೂತು ಫೋರ್ತ್ ಸೀಟ್ ಕೊಡುವವರು. ಅರ್ಧ ದಾರಿ ಕೂತು ಬಂದವರು ಎದ್ದು, ನಿಂತವರನ್ನು ಕೂರಿಸುವುದು. ದಸರಾಕ್ಕೆ ಡಬ್ಬಿಗೆ ಹಾರ ಹಾಕಿ ಪೂಜೆ ಮಾಡಿ ಪೇಡಾ ಹಂಚುವುದು. 36 ವರ್ಷ ಅದರಲ್ಲಿ ಓಡಾಡಿದವರಿಗೆ ಆ ಜನರೇ ಅರ್ಧ ಸಂಸಾರ. ಅವರು ಒಂದೇ ದಿನದಲ್ಲಿ ಕಣ್ಮರೆಯಾಗುತ್ತಾರೆ, ಮತ್ತು ಅದಕ್ಕೆ ಯಾರೂ ಬೀಳ್ಕೊಡುಗೆ ಸಮಾರಂಭ ಮಾಡುವುದಿಲ್ಲ.

ಹಾಗಾಗಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹದಿನೈದು ದಿನ, ಮನಸ್ಸಿಗೆ ಕಸಿವಿಸಿ ಆದಾಗೆಲ್ಲ ಆ ಗಳಿಗೆಯಲ್ಲಿ ಯಾವುದು ಬೇಕೆನಿಸಿತು ಅಂತ ಬರೆಯಿರಿ. ಜನರಾ, ನಿಮ್ಮ ಮಾತು ಕೇಳುವವರಾ, ತಲೆಗೆ ಕೆಲಸವಾ, ಸುಮ್ನೆ ಮನೆಯಿಂದ ಹೊರಗೆ ಹೋಗಲು ಒಂದು ನೆಪವಾ? ಒಂದೊಂದಕ್ಕೂ ಬೇರೆ ಬೇರೆ ದಾರಿ ಇದೆ. ಜನ ಬೇಕಿದ್ದವರು ಜವಾಬ್ದಾರಿ ಹೊತ್ತುಕೊಂಡರೆ ಜನರೂ ಸಿಗುವುದಿಲ್ಲ, ನಿದ್ದೆಯೂ ಹೋಗುತ್ತದೆ. ಬರೀ ಜನ ಬೇಕಿದ್ದರೆ ಹಳೆಯ ಗ್ರೂಪಿನವರ ಜತೆ ವಾರಕ್ಕೊಮ್ಮೆ ಚಹಾ ಸಾಕು. ಅದಕ್ಕೆ 35,000ದ ನೌಕರಿ ಬೇಕಾಗಿಲ್ಲ.

ದುಡ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವು ಬ್ಯಾಂಕಿನವರು. ಆದರೂ ಮೂರು ತಿಂಗಳ ಮನೆ ಖರ್ಚು ನಿಜವಾಗಿ ಬರೆದಿಡಿ. ಊರಿನವರ ಲೆಕ್ಕವನ್ನು ಅಚ್ಚುಕಟ್ಟಾಗಿ ಇಟ್ಟವರು ಮನೆಯ ಲೆಕ್ಕ ಅಂದಾಜಿನಲ್ಲಿ ನಡೆಸುವುದು ನಮ್ಮಲ್ಲಿ ಬಹಳ. ನಿವೃತ್ತರ ಗುಂಪು ಆರೋಗ್ಯ ವಿಮೆಗೆ ನಿಮ್ಮ ಕೈಯಿಂದ ಹೋಗುವುದು ಏನಾದರೂ ಇದ್ದರೆ ಅದನ್ನೂ ಸೇರಿಸಿ. ಪಿಂಚಣಿಯ ಒಂದು ಭಾಗ ಕಮ್ಯೂಟ್ ಮಾಡಿಸಿದ್ದರೆ, ಅಂದರೆ ಒಟ್ಟಿಗೆ ದುಡ್ಡಾಗಿ ಮೊದಲೇ ಪಡೆದಿದ್ದರೆ, ಆ ಭಾಗ ಮತ್ತೆ ಸೇರುವುದು 15 ವರ್ಷದ ನಂತರ. ಸೀನಿಯರ್ ಸಿಟಿಜನ್ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಇದನ್ನೆಲ್ಲ ಕೂಡಿಸಿ ನೋಡಿದಾಗ ಸಂಬಳ ಇಲ್ಲದೆಯೂ ಸಂಸಾರ ನಡೆಯುತ್ತದೆ ಅಂತ ಗೊತ್ತಾದರೆ, ಆ ಕಾಗದವೇ ನಿಮ್ಮ ಸ್ವಾತಂತ್ರ್ಯ. ಮುಂದೆ ಯಾರ ಎದುರಿಗೆ ಕೂತು ಮಾತಾಡುವಾಗಲೂ ಬೇಡ ಅನ್ನುವ ಧೈರ್ಯ ಅದರಿಂದಲೇ ಬರುವುದು.

ಈಗ ಕ್ರೆಡಿಟ್ ಸೊಸೈಟಿ. ಇದರ ಬಗ್ಗೆ ಬಿಡಿಸಿ ಹೇಳಬೇಕು. ನಿಮ್ಮಂಥವರಿಗೆ ಮೊದಲು ಬರುವ ಕರೆ ಇದು, ಜಾಸ್ತಿ ಜನ ಸಿಕ್ಕಿಬೀಳುವುದೂ ಇಲ್ಲೇ.

ಮಹಾರಾಷ್ಟ್ರದ ಪತಪೇಢಿಗಳಲ್ಲಿ, ಅಂದರೆ ಈ ಕ್ರೆಡಿಟ್ ಸೊಸೈಟಿಗಳಲ್ಲಿ, ಒಳ್ಳೆಯವು ಬಹಳ ಇವೆ. ಬ್ಯಾಂಕಿನ ಬಾಗಿಲು ಹತ್ತದ ಜನರಿಗೆ ಸಾಲ ಕೊಟ್ಟು ಕೈ ಹಿಡಿದಿವೆ. ಆದರೆ ಒಂದು ವ್ಯತ್ಯಾಸ ನಿಮಗೆ ಗೊತ್ತು, ಠೇವಣಿ ಇಡುವವರಿಗೆ ಗೊತ್ತಿರುವುದಿಲ್ಲ. ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ. ಕ್ರೆಡಿಟ್ ಸೊಸೈಟಿಗೆ ಆ ವಿಮೆ ಇಲ್ಲ. ನಾಳೆ ನೀವು ಆ ಕುರ್ಚಿಯಲ್ಲಿ ಕೂತರೆ ನಿಮ್ಮ ಬಿಲ್ಡಿಂಗಿನವರು, ನಿಮ್ಮ ಹಳೆಯ ಗಿರಾಕಿಗಳು, ಊರಿನವರು ನಿಮ್ಮ ಮುಖ ನೋಡಿ ದುಡ್ಡು ತಂದಿಡುತ್ತಾರೆ. ಸರ್ಕಾರಿ ಬ್ಯಾಂಕಿನ ಚೀಫ್ ಮ್ಯಾನೇಜರ್ ಇದ್ದಾರೆ, ಇನ್ನೇನು ಭಯ ಅಂತಾರೆ. ಅವರು 35,000 ಕೊಡುತ್ತಿರುವುದು ನಿಮ್ಮ ದುಡಿಮೆಗೆ ಮಾತ್ರ ಅಲ್ಲ, ನೀವು 36 ವರ್ಷ ಗಳಿಸಿದ ಹೆಸರಿಗೂ ಸೇರಿಸಿ. ಏನಾದರೂ ಹೆಚ್ಚುಕಡಿಮೆ ಆದರೆ ಜನ ಬಂದು ನಿಲ್ಲುವುದು ನಿಮ್ಮ ಮನೆ ಬಾಗಿಲಿಗೆ.

ಹಾಗಾಗಿ ಒಪ್ಪುವ ಮಾತು ದೂರ ಇರಲಿ, ಮೊದಲು ಕಾಗದ ಕೇಳಿ. ಹಿಂದಿನ ಮೂರು ವರ್ಷದ ಆಡಿಟ್ ವರದಿ ಬೇಕು ಅನ್ನಿ. ಯಾವ ವರ್ಗ ಕೊಟ್ಟಿದ್ದಾರೆ ನೋಡಿ, ಮರಾಠಿಯಲ್ಲಿ ಅ, ಬ, ಕ, ಡ ಅಂತ ಬರೆದಿರುತ್ತಾರೆ. ವರ್ಗ ಕೆಳಗೆ ಇಳಿಯುತ್ತಾ ಬಂದಿದೆಯಾ? ಆಡಿಟರ್ ಎತ್ತಿದ ತಕರಾರಿಗೆ ಸಮಿತಿ ಏನು ಉತ್ತರ ಕೊಟ್ಟಿದೆ? ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ ಕಲಂ 101ರಲ್ಲಿ ಸಾಲ ವಸೂಲಿಗೆ ಹಾಕಿದ ಪ್ರಕರಣಗಳು ಎಷ್ಟು ಬಾಕಿ ಇವೆ? ದೊಡ್ಡ ಸಾಲಗಾರರ ಪಟ್ಟಿಯಲ್ಲಿ ಸಮಿತಿಯವರ ನೆಂಟರು ಎಷ್ಟು ಜನ? ನಿಮ್ಮ ಮೊದಲು ಆ ಕುರ್ಚಿಯಲ್ಲಿದ್ದವರು ಯಾಕೆ ಬಿಟ್ಟರು? ಅವರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಆಡಿಟ್ ವರದಿಯಲ್ಲಿ ಇಲ್ಲದ್ದು ಅಲ್ಲಿ ತಿಳಿಯುತ್ತದೆ.

ಇನ್ನೊಂದು ಮಾತು. ಪಿಂಚಣಿ ಪಡೆಯುವ ಬ್ಯಾಂಕ್ ಅಧಿಕಾರಿಗಳು ನಿವೃತ್ತಿಯ ಹೊಸತರಲ್ಲಿ ಹೊರಗೆ ಸಂಬಳದ ಕೆಲಸ ಹಿಡಿಯುವುದಕ್ಕೆ ನಿಯಮಗಳಿವೆ. ನಿಮಗೆ ಅನುಮತಿ ಬೇಕಾ ಅಂತ ಪಿಂಚಣಿ ವಿಭಾಗಕ್ಕೆ ಬರೆದು ಕೇಳಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಕಾಗದವೆಲ್ಲ ಸರಿ ಇದ್ದರೂ ಮ್ಯಾನೇಜರ್ ಕೆಲಸ ಬೇಡ ಅನ್ನುವುದೇ ನನ್ನ ಸಲಹೆ. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಕೂರುವುದಾದರೆ ನಿವೃತ್ತಿಯಾಗಿ ಏನು ಬಂತು? ಬೇಕಿದ್ದರೆ ಬೇರೆ ರೀತಿ ಕೇಳಿ. ವಾರಕ್ಕೆ ಎರಡು ದಿನ, ಸಾಲದ ಅರ್ಜಿ ಪರಿಶೀಲನೆ ಮತ್ತು ಸಿಬ್ಬಂದಿಗೆ ತರಬೇತಿ ಮಾತ್ರ. ಚೆಕ್ಕಿಗೆ ಸಹಿ ಇಲ್ಲ. ಬೋರ್ಡಿನಲ್ಲಿ ಹೆಸರಿಲ್ಲ. ಠೇವಣಿ ತರುವ ಜವಾಬ್ದಾರಿ ಇಲ್ಲ. ಆರು ತಿಂಗಳ ಕರಾರು. ಒಳ್ಳೆಯ ಸಂಸ್ಥೆಯಾದರೆ ಒಪ್ಪುತ್ತಾರೆ, ಅವರಿಗೂ ಅದರಿಂದ ಲಾಭ. ಇಲ್ಲ, ನಿಮ್ಮ ಹೆಸರೇ ಬೇಕು ಅಂತ ಹಟ ಹಿಡಿದರೆ ಅವರಿಗೆ ಬೇಕಾದದ್ದು ಯಾವುದು ಅಂತ ಗೊತ್ತಾಯಿತಲ್ಲ.

ಸಂಘದ ಖಜಾಂಚಿ ಕೆಲಸದ ಬಗ್ಗೆ ಸ್ವಲ್ಪದರಲ್ಲಿ ಮುಗಿಸುತ್ತೇನೆ. ಮುಂಬಯಿ ಕನ್ನಡಿಗರ ಬದುಕನ್ನು ಎತ್ತಿ ನಿಲ್ಲಿಸಿದ್ದು ಸಂಘಗಳು ಮತ್ತು ರಾತ್ರಿ ಶಾಲೆಗಳು. ಅವುಗಳ ಬಗ್ಗೆ ನನಗೆ ಬಹಳ ಗೌರವ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿ ಮೇಲೆ ಬಂದವರ ಋಣ ಈ ನಗರದ ಮೇಲಿದೆ. ಆದರೆ ಪದವಿಗೂ ಕೆಲಸಕ್ಕೂ ವ್ಯತ್ಯಾಸ ಇದೆ. ಪದವಿ ಹಿಡಿದರೆ ಗುಂಪುಗಾರಿಕೆ, ಸಭೆ, ಸನ್ಮಾನದ ಶಾಲು ಯಾರಿಗೆ ಅನ್ನುವ ಜಗಳ ಎಲ್ಲ ಒಟ್ಟಿಗೆ ಬರುತ್ತದೆ. ಟ್ರಸ್ಟ್ ಆಗಿದ್ದರೆ ಪ್ರತಿ ವರ್ಷ ಆಡಿಟ್ ಆಗಬೇಕು, ಟ್ರಸ್ಟಿಗಳು ಬದಲಾದರೆ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ತಿಳಿಸಬೇಕು. ಹಿಂದಿನವರು ಇದನ್ನೆಲ್ಲ ಮಾಡದೆ ಬಿಟ್ಟಿದ್ದರೆ ಅದು ನಿಮ್ಮ ತಲೆಗೆ ಬರುತ್ತದೆ. ಪದವಿ ಬೇಡ, ಒಂದು ಕೆಲಸ ಕೊಡಿ ಅನ್ನಿ. ಯಾವ ಕೆಲಸ ಅಂತ ಕೆಳಗೆ ಹೇಳುತ್ತೇನೆ.

ಅಣ್ಣನ ಕರೆ ಪ್ರೀತಿಯದು. ಅದಕ್ಕೆ ಅದು ಕಷ್ಟ. ಮುಂಬಯಿಯಲ್ಲಿ ಕೂತು ನೆನೆಯುವ ಊರು ಮೇ ತಿಂಗಳಿನದು. ಮಾವು, ಹಲಸು, ಮದುವೆ, ಯಕ್ಷಗಾನದ ಮೇಳ, ಮನೆ ತುಂಬ ನೆಂಟರು. ನೀವು ಜುಲೈಯಲ್ಲಿ ಹೋಗಿ. ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಮಾಡಿಸಿ, ಹೆಂಡತಿಯನ್ನೂ ಕರೆದುಕೊಂಡು, ಒಂದೂವರೆ ತಿಂಗಳು ಇದ್ದು ಬನ್ನಿ. ಅಡಿಕೆಗೆ ಕೊಳೆ ರೋಗ ಬರುವ ಕಾಲ ಅದು. ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರು ಸಿಗುವುದಿಲ್ಲ. ಕರೆಂಟ್ ಹೋದರೆ ಬರುವುದು ಯಾವಾಗಲೋ. ಅದೆಲ್ಲ ನೋಡಿಯೂ ಇರಬೇಕು ಅನ್ನಿಸಿದರೆ ಅದು ನಿಜವಾದ ಆಸೆ. ಹೋಗುವ ಮೊದಲು ಅಣ್ಣನ ಹತ್ತಿರ ಒಂದು ಮಾತು ಬಿಚ್ಚಿ ಕೇಳಿ. ತೋಟದಲ್ಲಿ ನಿರ್ಧಾರ ಯಾರದು, ಖರ್ಚು ಯಾರದು, ಆದಾಯ ಯಾರದು? ಇದನ್ನು ಕೇಳಲು ಸಂಕೋಚ ಪಟ್ಟು ಒಂದು ವರ್ಷದ ನಂತರ ಮಾತು ಬಿಟ್ಟ ಅಣ್ಣ ತಮ್ಮಂದಿರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಪತ್ರದಲ್ಲಿ ನೀವೇ ತಳ್ಳಿಹಾಕಿದ ಸಾಲಿಗೆ ಬರುತ್ತೇನೆ. ಹೋಟೆಲ್ ಹುಡುಗರಿಗೆ ಫಾರ್ಮ್ ತುಂಬಿಸಿಕೊಡುವುದು ಇಷ್ಟವಾಗಿತ್ತು, ಅದಕ್ಕೆ ಈಗ ಬೆಲೆ ಇಲ್ಲ ಅಂದಿರಿ. ನನ್ನ ಪ್ರಕಾರ ಇಡೀ ಪತ್ರದಲ್ಲಿ ಬೆಲೆ ಇರುವುದು ಅದಕ್ಕೇ.

ನಿಮ್ಮ ಹಾಗೆಯೇ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ನನಗೆ ಗೊತ್ತು. ಶನಿವಾರ ಬೆಳಿಗ್ಗೆ ಮಾಟುಂಗಾದ ಕಡೆ ಒಂದು ಕೋಣೆಯಲ್ಲಿ ಕೂರುತ್ತಾರೆ. ಒಂದು ಮೇಜು, ಎರಡು ಕುರ್ಚಿ, ಅಷ್ಟೇ. ಒಮ್ಮೆ ನಾನು ಅವರ ಪಕ್ಕದಲ್ಲಿ ಕೂತಿದ್ದೆ. ಕಾರ್ಕಳದ ಕಡೆಯ ಒಬ್ಬ ಹೆಂಗಸು ಮಗನ ಜತೆ ಬಂದಿದ್ದರು. ಗಂಡ ಮುಂಬಯಿಯ ಕ್ಯಾಂಟೀನುಗಳಲ್ಲಿ ದುಡಿದು, ಊರಿಗೆ ಮರಳಿ, ತೀರಿಕೊಂಡಿದ್ದರು. ಹಾಲಿನ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಪಾಸ್‌ಬುಕ್ ಹೊರತೆಗೆದರು. ಮೂಲೆಗಳು ಸವೆದು ದುಂಡಗಾಗಿದ್ದವು. ಕೊನೆಯ ನಮೂದು ಎಷ್ಟೋ ವರ್ಷ ಹಿಂದಿನದು. ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸಂಜೀವ, ಆಧಾರಿನಲ್ಲಿ ಸಂಜೀವ ಪೂಜಾರಿ, ಮರಣ ಪತ್ರದಲ್ಲಿ ಸಂಜು ಪೂಜಾರಿ. ಮೂರೂ ಒಬ್ಬರೇ ಅಂತ ಹೇಳುವ ಅಫಿಡವಿಟ್ ಬೇಕಿತ್ತು, ಅಷ್ಟೇ. ಅದನ್ನು ಅವರಿಗೆ ಅಲ್ಲಿಯವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಇವರು ಹೇಳಿದರು, ತುಳುವಿನಲ್ಲಿ, ನಿಧಾನವಾಗಿ, ಎರಡು ಸಲ. ಆಮೇಲೆ ಯಾವ ಕೌಂಟರಿಗೆ ಹೋಗಬೇಕು, ಯಾವ ಕಾಗದದ ಎಷ್ಟು ಜೆರಾಕ್ಸ್ ಬೇಕು ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು.

ಇಂಥ ಕೆಲಸ ಮುಂಬಯಿಯಲ್ಲಿ ಬೆಟ್ಟದಷ್ಟಿದೆ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ವಾರಸುದಾರರು ಬ್ಯಾಂಕಿಗೆ ಬಂದು ಕೇಳಿದರೆ ಸಿಗುತ್ತದೆ. ಅಂಥ ಖಾತೆ ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಅನ್ನುವ ಜಾಲತಾಣ ತೆರೆದಿದೆ. ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ತಮ್ಮ ಪಿಎಫ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಹತ್ತು ವರ್ಷ ಪಿಎಫ್ ಕಟ್ಟಿದ್ದರೆ 58ಕ್ಕೆ ಪಿಂಚಣಿಯ ಹಕ್ಕಿದೆ ಅನ್ನುವುದೂ ಗೊತ್ತಿರುವುದಿಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಇದನ್ನೆಲ್ಲ ಕನ್ನಡದಲ್ಲಿ, ತುಳುವಿನಲ್ಲಿ, ಕುಂದಗನ್ನಡದಲ್ಲಿ ಕೂತು ತಿಳಿಸುವವರು ಎಷ್ಟು ಜನ ಇದ್ದಾರೆ? ಸಂಘದವರನ್ನು ಕೇಳಬೇಕಾದ ಕೆಲಸ ಇದು. ಖಜಾಂಚಿ ಪದವಿ ಬೇಡ, ವಾರಕ್ಕೆ ಒಂದು ಬೆಳಿಗ್ಗೆ ಒಂದು ಮೇಜು ಕೊಡಿ ಅನ್ನಿ.

ಕೆಲವು ಕಟ್ಟುಪಾಡು ಮೊದಲೇ ಹಾಕಿಕೊಳ್ಳಿ. ಯಾರ ಪಾಸ್‌ವರ್ಡ್, ಒಟಿಪಿ ಕೇಳಬೇಡಿ, ಕೊಡಲು ಬಂದರೂ ತೆಗೆದುಕೊಳ್ಳಬೇಡಿ. ಅವರ ದುಡ್ಡು ನಿಮ್ಮ ಖಾತೆಗೆ ಒಂದು ದಿನಕ್ಕೂ ಬರಬಾರದು. ಜಾಮೀನಿಗೆ ಸಹಿ ಹಾಕಬೇಡಿ. ಎಲ್ಲಿ ದುಡ್ಡು ಹಾಕಲಿ ಅಂತ ಕೇಳಿದರೆ ಉತ್ತರ ಕೊಡಬೇಡಿ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಬಂದ ದುಡ್ಡಿನಲ್ಲಿ ಪಾಲು ತೆಗೆದುಕೊಳ್ಳುವ ದಲ್ಲಾಳಿಗಳು ಈ ಕೆಲಸದಲ್ಲಿ ಇದ್ದಾರೆ. ನಿಮ್ಮ ಮೇಲೆ ಆ ನೆರಳೂ ಬೀಳಬಾರದು.

ಇದರಿಂದ ಸಂಪಾದನೆ ಇಲ್ಲ ಅನ್ನುತ್ತೀರಿ. ಸ್ವಲ್ಪ ಸಂಪಾದನೆಯೂ ಬೇಕಿದ್ದರೆ ನಿಮ್ಮ ಅನುಭವಕ್ಕೆ ಹೊಂದುವ ದಾರಿಗಳಿವೆ. ಬ್ಯಾಂಕುಗಳ ಆರ್ಥಿಕ ಸಾಕ್ಷರತಾ ಕೇಂದ್ರಗಳಿಗೆ ನಿವೃತ್ತ ಅಧಿಕಾರಿಗಳನ್ನು ಸಲಹೆಗಾರರಾಗಿ ತೆಗೆದುಕೊಳ್ಳುತ್ತಾರೆ. ಜಿಲ್ಲೆಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲೂ ಬ್ಯಾಂಕಿನವರಿಗೆ ಪಾಠ ಮಾಡುವ ಅವಕಾಶ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಇವಕ್ಕೆಲ್ಲ ಮಾದರಿ. ಮಹಾರಾಷ್ಟ್ರ ಸಹಕಾರ ಇಲಾಖೆ ಜಿಡಿಸಿ ಆಂಡ್ ಎ ಅನ್ನುವ, ಸಹಕಾರ ಮತ್ತು ಲೆಕ್ಕಶಾಸ್ತ್ರದ ಡಿಪ್ಲೊಮಾ ಪರೀಕ್ಷೆ ನಡೆಸುತ್ತದೆ. ಅದು ಪಾಸಾದವರಿಗೆ ಹೌಸಿಂಗ್ ಸೊಸೈಟಿಗಳ ಆಡಿಟ್ ಮಾಡುವ ಪ್ಯಾನಲ್ ಸೇರುವ ದಾರಿ ಇದೆ. ಬ್ಯಾಂಕಿನವರಿಗೆ ಅದು ಕಷ್ಟದ ಪರೀಕ್ಷೆ ಅಲ್ಲ. ಮರಾಠಿ ಓದಲು ಬರೆಯಲು ಚೆನ್ನಾಗಿ ಬಂದರೆ ಇನ್ನೂ ಸುಲಭ. ಡೊಂಬಿವಲಿಯಲ್ಲಿ ಸೊಸೈಟಿಗಳಿಗೇನೂ ಬರ ಇಲ್ಲ. ಬೇಕಾದಷ್ಟು ಮಾತ್ರ ಒಪ್ಪಿಕೊಂಡು, ಉಳಿದವಕ್ಕೆ ಆಗುವುದಿಲ್ಲ ಅನ್ನಬಹುದು. ದುಡ್ಡು ಬೇಡ, ತಲೆಗೆ ಕೆಲಸ ಬೇಕು ಅಂದರೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಾಲಿನಾದಲ್ಲಿದೆ. ನಿವೃತ್ತಿಯ ನಂತರ ಅಲ್ಲಿ ಎಂ.ಎ. ಮಾಡಿದವರು, ಸಂಶೋಧನೆ ಮಾಡಿದವರು ಇದ್ದಾರೆ.

ಒಂದು ಎಚ್ಚರ. 60 ದಾಟಿದವರಿಗೆ ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದಿದ್ದರೆ ಅಡ್ವಾನ್ಸ್ ಟ್ಯಾಕ್ಸ್, ಅಂದರೆ ವರ್ಷ ಮುಗಿಯುವ ಮೊದಲೇ ಕಂತಿನಲ್ಲಿ ಕಟ್ಟುವ ಆದಾಯ ತೆರಿಗೆ, ಕಟ್ಟಬೇಕಾಗಿಲ್ಲ. ಆಡಿಟ್ ಅಥವಾ ಸಲಹೆಯ ಫೀಸು ಬರತೊಡಗಿದರೆ ಆ ವಿನಾಯಿತಿ ಹೋಗುತ್ತದೆ. ಪಿಂಚಣಿದಾರರು ಇದನ್ನು ಮರೆತು ಮಾರ್ಚ್ ನಂತರ ಬಡ್ಡಿ ಕಟ್ಟುತ್ತಾರೆ.

ಷರತ್ತಿನ ವಿಷಯದಲ್ಲಿ ವಿಶ್ವೇಶ್ವರಯ್ಯನವರನ್ನು ನೆನೆಯಬೇಕು. ಪುಣೆಯಲ್ಲಿ ಓದಿದವರು, 1884ರಿಂದ ಮುಂಬಯಿ ಸರ್ಕಾರದ ಇಂಜಿನಿಯರ್. 1908ರಲ್ಲಿ, 50 ತುಂಬುವ ಮೊದಲೇ, ತಾವಾಗಿ ಆ ಕೆಲಸ ಬಿಟ್ಟರು. ಮರುವರ್ಷ ಮೈಸೂರು ಚೀಫ್ ಇಂಜಿನಿಯರ್ ಹುದ್ದೆಗೆ ಕರೆಯಿತು. ಹುಟ್ಟಿದ ನಾಡಿನ ಕರೆ. ಆದರೂ ಅವರು ತಕ್ಷಣ ಹೊರಡಲಿಲ್ಲ. ತಾಂತ್ರಿಕ ಶಿಕ್ಷಣಕ್ಕೆ, ಕೈಗಾರಿಕೆಗೆ ಕೆಲಸ ಮಾಡಲು ತಮಗೆ ಅವಕಾಶ ಇದೆಯಾ ಅಂತ ಮೊದಲು ಕೇಳಿ ತಿಳಿದುಕೊಂಡರು. ಆಮೇಲೆ ಬಂದರು. ಕನ್ನಂಬಾಡಿ ಕಟ್ಟೆ ಶುರುವಾದದ್ದು 1911ರಲ್ಲಿ. ನಾವು ಅವರನ್ನು ನೆನೆಯುವ ಹೆಚ್ಚಿನ ಕೆಲಸ ಅವರ ಮೊದಲ ವೃತ್ತಿ ಮುಗಿದ ಮೇಲಿನದು. ಅಷ್ಟು ದೊಡ್ಡವರೇ ಕೇಳಿ ತಿಳಿದು ಬಂದರು ಅಂದಮೇಲೆ ನಾವು ಕೇಳುವುದರಲ್ಲಿ ಸಂಕೋಚ ಯಾಕೆ?

ಕೊನೆಗೆ ನಿಮ್ಮ ಮನೆಯವರ ಮಾತು. ಮನೆಯಲ್ಲಿ ಕೂರಬೇಡಿ ಅಂದದ್ದು ನಿಮಗೆ ನೋವಾಗಿದೆ ಅನ್ನಿಸುತ್ತದೆ, ಬಾಯಿಬಿಟ್ಟು ಬರೆದಿಲ್ಲ. ಅವರ ಕಡೆಯಿಂದ ನೋಡಿ. ಇಷ್ಟು ವರ್ಷ ಬೆಳಿಗ್ಗೆ ನೀವು ಡಬ್ಬಿ ಹಿಡಿದು ಹೊರಟ ಮೇಲೆ ಸಂಜೆವರೆಗೆ ಆ ಮನೆ ಅವರದು. ಅವರಿಗೊಂದು ದಿನಚರಿ ಇತ್ತು. ಮಧ್ಯಾಹ್ನ ಒಂದು ತುತ್ತು ಉಂಡು ಮಲಗುತ್ತಿದ್ದರು, ಗೆಳತಿಯರ ಜತೆ ಭಜನೆಗೆ ಹೋಗುತ್ತಿದ್ದರು. ಈಗ ಹನ್ನೊಂದಕ್ಕೆ ಚಹಾ, ಒಂದಕ್ಕೆ ಬಿಸಿ ಊಟ, ನಾಲ್ಕಕ್ಕೆ ತಿಂಡಿ. ನಿಮ್ಮ ಕೆಲಸ ನಿಂತಿದೆ, ಅವರ ಕೆಲಸ ಹೆಚ್ಚಾಗಿದೆ. ಅವರಿಗೆ ನಿವೃತ್ತಿಯ ವಯಸ್ಸು ಎಷ್ಟು ಅಂತ ಯಾರು ಕೇಳಿದ್ದಾರೆ? ಸ್ವಾತಂತ್ರ್ಯದ ಲೆಕ್ಕ ಹಾಕುವಾಗ ಇಬ್ಬರದ್ದೂ ಹಾಕಿ. ದಿನಕ್ಕೆ ಒಂದು ಹೊತ್ತಿನ ಅಡುಗೆ ನೀವು ಹಿಡಿಯಿರಿ. ಬರದಿದ್ದರೆ ಕಲಿಯಿರಿ, ಅನ್ನ ಸಾರು ಹದಿನೈದು ದಿನದ ವಿದ್ಯೆ. ಜುಲೈಯಲ್ಲಿ ಊರಿಗೆ ಹೋಗುವ ನಿರ್ಧಾರವೂ ಅವರನ್ನು ಕೇಳಿಯೇ ಆಗಲಿ.

ಒಂದನೇ ತಾರೀಖಿಗೆ ಸೊಸೈಟಿಯವರಿಗೆ ಬರೆಯುವ ಪತ್ರ ಹೀಗಿರಲಿ. ಕರೆದದ್ದಕ್ಕೆ ವಂದನೆ. ಮ್ಯಾನೇಜರ್ ಹುದ್ದೆ ಒಪ್ಪಲಾರೆ. ವಾರಕ್ಕೆ ಎರಡು ದಿನ ಸಲಹೆಗಾರನಾಗಿ ಬೇಕಿದ್ದರೆ ಮೂರು ವರ್ಷದ ಆಡಿಟ್ ವರದಿ ಕಳಿಸಿ, ನೋಡಿ ತಿಳಿಸುತ್ತೇನೆ. ಇಷ್ಟೇ ಸಾಕು. ಕೈಯಲ್ಲಿ ಕೊಡಬೇಡಿ, ಇಮೇಲ್ ಮಾಡಿ. ಎದುರಿಗೆ ಹೋದರೆ ಚಹಾ ಕೊಟ್ಟು ಒಪ್ಪಿಸಿಬಿಡುತ್ತಾರೆ.